ದಾವಣಗೆರೆಯ ‘ಗೆರೆ’ ಎಲ್ಲಿಂದ ಬಂತು?

ಊರ ಹೆಸರಿನ ಕಥೆ, ಭಾಗ 3

1/5
ಇಂಗ್ಲಿಷ್ ಕ್ಲಾಸಲ್ಲಿ ‘ಗ್ರೀನ್‌ಹೌಸ್’ ಅನ್ನೋ ಪದ ಓದುವಾಗ ‘ಹೌಸ್’ ಮೇಲೆ ಒತ್ತು ಕೊಟ್ಟೆ. ಹಿಂದಿನ ಬೆಂಚು ನಕ್ಕಿತು. ‘ಗ್ರೀನ್’ ಮೇಲೆ ಒತ್ತಿದ್ರೆ ಗಿಡ ಬೆಳೆಸೋ ಗಾಜಿನ ಮನೆ. ‘ಹೌಸ್’ ಮೇಲೆ ಒತ್ತಿದ್ರೆ ಬರೀ ಹಸಿರು ಬಣ್ಣದ ಮನೆಯಂತೆ! ಎರಡು ಪದ ಸೇರಿ ಒಂದಾಗಿದೆ ಅಂತ ಇಂಗ್ಲಿಷು ಒತ್ತಿನಿಂದ, ಕೆಲವೊಮ್ಮೆ ನಡುವೆ ಹೈಫನ್ ಹಾಕಿ ತೋರಿಸುತ್ತೆ. ಹಾಗಾದ್ರೆ ಕನ್ನಡ?

2/5
ಕನ್ನಡದಲ್ಲಿ ಒತ್ತು ಬದಲಾದ್ರೆ ಅರ್ಥ ಬದಲಾಗಲ್ಲ. ನಮ್ಮಲ್ಲಿ ಎಷ್ಟೋ ಸಲ ಅಕ್ಷರವೇ ಬದಲಾಗುತ್ತೆ. ಮಳೆ + ಕಾಲ = ಮಳೆಗಾಲ. ‘ಕ’ ಹೋಗಿ ‘ಗ’ ಬಂತು. ಹೈಸ್ಕೂಲಲ್ಲಿ ಓದಿದ ಆದೇಶ ಸಂಧಿ ಇದೇ. ದಾವಣಗೆರೆಯ ‘ಗೆರೆ’ಯೂ ಮೂಲದಲ್ಲಿ ಕೆರೆ. ಆದ್ರೆ ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ ಮಾತ್ರ ಕೆರೆಯಾಗೇ ಉಳೀತು. ಭಾಷೆ ನಿಯಮ ಪಾಲಿಸುತ್ತೆ, ಎಲ್ಲ ಕಡೆ ಅಲ್ಲ.

3/5
ಚನ್ನಗಿರಿಯ ‘ಗಿ’ ನೋಡಿ ಮೋಸ ಹೋಗಬೇಡಿ. ‘ಗಿರಿ’ ಸಂಸ್ಕೃತ ಪದ, ಅಲ್ಲಿ ಯಾವ ‘ಕ’ವೂ ಬದಲಾಗಿಲ್ಲ. ‘ಚನ್ನ’ ಕನ್ನಡದ್ದು, 17ನೇ ಶತಮಾನದ ಕೆಳದಿ ರಾಣಿ ಚೆನ್ನಮ್ಮನಿಂದ ಊರಿಗೆ ಈ ಹೆಸರು ಬಂತು ಅಂತಾರೆ. ಕನ್ನಡ ಪದಕ್ಕೆ ಸಂಸ್ಕೃತ ಪದ ಹೀಗೆ ಸೇರಿದ್ರೆ ಅದು ಅರಿಸಮಾಸ. 13ನೇ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಇದನ್ನ ದೋಷ ಅಂದ, ಕೆಲವು ರೂಢಿ ಪ್ರಯೋಗಗಳಿಗಷ್ಟೇ ವಿನಾಯಿತಿ ಕೊಟ್ಟ. ಜನ ಕೇಳಲಿಲ್ಲ, ಊರಿಗೇ ಇಟ್ಟುಬಿಟ್ಟರು!

4/5
1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ಆಯ್ತು. ಅಲ್ಲಿವರೆಗೆ ಚನ್ನಗಿರಿ, ಹೊನ್ನಾಳಿ (ನ್ಯಾಮತಿ ಆಗ ಹೊನ್ನಾಳಿ ತಾಲ್ಲೂಕಲ್ಲೇ ಇತ್ತು) ಶಿವಮೊಗ್ಗಕ್ಕೆ ಸೇರಿದ್ವು, ಜಗಳೂರು ಚಿತ್ರದುರ್ಗಕ್ಕೆ. ನಮ್ಮ ಅಜ್ಜಂದಿರು ಇಂಗ್ಲಿಷಲ್ಲಿ ವಿಳಾಸ ಬರೆದ್ರೆ ‘ಶಿಮೊಗ’ ಅಂತಿತ್ತು. ಶಿ-ವ-ಮೊಗ್-ಗ ನಾಲ್ಕು ತುಂಡು. ಇಂಗ್ಲಿಷು ‘ವ’ ನುಂಗಿ, ‘ಗ್ಗ’ದ ಒತ್ತಕ್ಷರ ಬಿಟ್ಟು ಮೂರಕ್ಕಿಳಿಸಿತ್ತು. 2014ರ ನವೆಂಬರ್ 1ಕ್ಕೆ ಆ ‘ವ’ ವಾಪಸ್ ಬಂತು.

5/5
ಜಗಳೂರಿನ ಗೆಳೆಯರನ್ನ ‘ಜಗಳದ ಊರು’ ಅಂತ ರೇಗಿಸೋರಿಗೆ ಒಂದು ಮಾತು. ಜಗಳ + ಊರು ಅಂತ ಬಿಡಿಸಿದ್ರೆ ಲೋಪ ಸಂಧಿ ಸರಿಯಾಗೇ ಕೂರುತ್ತೆ. ಆದ್ರೆ ಆ ಸಂಧಿಯಲ್ಲಿ ಮೊದಲ ಪದದ ಕೊನೇ ಸ್ವರ ಅಳಿಸಿಹೋಗುತ್ತೆ. ಅಲ್ಲಿ ಏನಿತ್ತು ಅಂತ ಊರ ಹೆಸರೊಂದೇ ಹೇಳಲಾರದು. ಅದಕ್ಕೆ ಶಾಸನ, ಹಳೇ ಕಡತ ಬೇಕು. ಸಂಧಿ ಬಿಡಿಸೋದು ವ್ಯಾಕರಣ, ಸಾಕ್ಷಿ ಹುಡುಕೋದು ಇತಿಹಾಸ.

ನಿಮ್ಮೂರ ಹೆಸರು ಬಿಡಿಸಿ ಕಾಮೆಂಟ್ ಮಾಡಿ. ಕೆರೆ, ಗೆರೆ ಇದ್ರೆ ಮೊದಲು ಹಾಕಿ!