ಯಂತ್ರಕ್ಕೆ ಕನ್ನಡ ಬಂದರೆ ಸಾಕೇ?

ಕಳೆದ ಮಳೆಗಾಲದ ಒಂದು ಸಂಜೆ. ಮಲ್ಲಂದೂರಿನ ನಮ್ಮ ಮನೆಯ ಜಗಲಿಗೆ, ಕಾಫಿ ತೋಟದಲ್ಲಿ ದುಡಿದು ವಯಸ್ಸಾದ ತಾಯಿಯೊಬ್ಬರು ಬಂದರು. ಮೊಬೈಲನ್ನು ಸೆರಗಿನಲ್ಲಿ ಒರೆಸಿ ಮುಂದೆ ಹಿಡಿದು, "ಮೇಷ್ಟ್ರೇ, ಇದ್ರಲ್ಲಿ ಏನೋ ಬಂದಿದೆ, ಚೂರು ಓದಿ ಹೇಳಿ" ಎಂದರು. ಪಿಂಚಣಿಯ ಬಗ್ಗೆ ಇಂಗ್ಲಿಷಿನಲ್ಲಿ ಬಂದ ಸಂದೇಶ. ಇಂತಹ ದಿನಾಂಕದೊಳಗೆ ದಾಖಲೆ ತೋರಿಸಬೇಕೆಂದು ಅದರಲ್ಲಿತ್ತು. ಆ ದಿನಾಂಕ ಕಳೆದು ಆಗಲೇ ನಾಲ್ಕು ದಿನವಾಗಿತ್ತು.

ಅವರು ಹೋದ ಮೇಲೆ ಬಹಳ ಹೊತ್ತು ಯೋಚಿಸುತ್ತಾ ಕುಳಿತೆ. ಯಂತ್ರಗಳಿಗೆ ಕನ್ನಡ ಕಲಿಸಲು ಎಷ್ಟೊಂದು ಜನ ಶ್ರಮಿಸಿದ್ದಾರೆ! ಆದರೂ ಈ ತಾಯಿಗೆ ಮೇಷ್ಟ್ರ ಮನೆಯ ದಾರಿ ತಪ್ಪಲಿಲ್ಲವೇಕೆ?

ಆ ಶ್ರಮದ ಇತಿಹಾಸವನ್ನು ಸ್ವಲ್ಪ ನೆನೆಯೋಣ. ಕೆ.ಪಿ. ರಾವ್ ಅವರು ಇಂಗ್ಲಿಷಿನ 26 ಅಕ್ಷರಗಳ ಕೀಲಿಗಳಲ್ಲೇ ಇಡೀ ಕನ್ನಡ ವರ್ಣಮಾಲೆ ಮೂಡುವಂತಹ ವಿನ್ಯಾಸವನ್ನು ರೂಪಿಸಿದರು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂದಿತು. ಬಳಿಕ ಕನ್ನಡ ಗಣಕ ಪರಿಷತ್ತಿನ 'ನುಡಿ' ಸರ್ಕಾರಿ ಕಚೇರಿಗಳನ್ನು ಪ್ರವೇಶಿಸಿತು. ನಮ್ಮ ಜಿಲ್ಲೆಯ ಮೂಡಿಗೆರೆಯ ತೋಟದಲ್ಲಿ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿಯವರು, ಗಣಕಯಂತ್ರದಲ್ಲಿ ಬಳಕೆಯಾಗದ ಭಾಷೆಗೆ ಉಳಿಗಾಲವಿಲ್ಲವೆಂದು ಬಗೆದು, 2007ರಲ್ಲಿ ತೀರಿಕೊಳ್ಳುವ ತನಕ ಕನ್ನಡ ತಂತ್ರಾಂಶಕ್ಕಾಗಿ ದನಿಯೆತ್ತಿದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯದ 'ಕುವೆಂಪು ಕನ್ನಡ ತಂತ್ರಾಂಶ'ದ ಹಿಂದೆ ಅವರ ಒತ್ತಾಸೆಯಿತ್ತು.

ಇವೆಲ್ಲ ಓದುಬರಹ ಬಲ್ಲವರ ಅಗತ್ಯಗಳಾದವು. ಓದಲು ಬಾರದವರನ್ನೇ ಮುಂದಿಟ್ಟುಕೊಂಡು ಯೋಚಿಸಿದ ಸಾಧನವೊಂದು ನಮ್ಮ ಬೆಂಗಳೂರಿನಲ್ಲೇ ಹುಟ್ಟಿತ್ತೆಂಬುದನ್ನು ಇಂದು ಅನೇಕರು ಮರೆತಿದ್ದಾರೆ. ಅದೇ 'ಸಿಂಪ್ಯೂಟರ್'. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಎಂಬ ನಾಲ್ವರು ಪ್ರಾಧ್ಯಾಪಕರು, ಎನ್‌ಕೋರ್ ಸಂಸ್ಥೆಯ ತಂತ್ರಜ್ಞರೊಡನೆ ಸೇರಿ 2001ರಲ್ಲಿ ಅದರ ಮಾದರಿಯನ್ನು ಜನರ ಮುಂದಿಟ್ಟರು. ಅಂಗೈಯಲ್ಲಿ ಹಿಡಿಯುವಷ್ಟು ಗಾತ್ರ, ಒಳಗೆ ಲಿನಕ್ಸ್, ಪರದೆಯನ್ನು ಮುಟ್ಟಲು ಒಂದು ಕಡ್ಡಿ. ಬರಹವನ್ನು ಕನ್ನಡದಲ್ಲೂ ಗಟ್ಟಿಯಾಗಿ ಓದಿ ಹೇಳುವ ಏರ್ಪಾಡು ಅದರಲ್ಲಿತ್ತು. ಕೊಳ್ಳಲಾರದ ಹಲವರು ಒಂದೇ ಯಂತ್ರವನ್ನು ಹಂಚಿಕೊಂಡು, ತಂತಮ್ಮ ಸ್ಮಾರ್ಟ್ ಕಾರ್ಡ್ ತೂರಿಸಿ ಬಳಸಬಹುದಿತ್ತು.

2004ರಲ್ಲಿ 'ಅಮಿಡಾ ಸಿಂಪ್ಯೂಟರ್' ಎಂಬ ಹೆಸರಿನಲ್ಲಿ ಅದು ಮಾರುಕಟ್ಟೆಗೆ ಬಂದಾಗ ಕನಿಷ್ಠ ಬೆಲೆ 9,950 ರೂಪಾಯಿ. ಬಡವರಿಗಾಗಿ ಯೋಚಿಸಿದ ವಸ್ತು ಬಡವರ ಕೈಗೆಟುಕಲಿಲ್ಲ. ಹಣವುಳ್ಳವರಿಗೆ ಅದರ ಅಗತ್ಯವಿರಲಿಲ್ಲ. ನಿರೀಕ್ಷಿಸಿದಷ್ಟು ಮಾರಾಟವಾಗದೆ ಅದು ಹಿನ್ನೆಲೆಗೆ ಸರಿಯಿತು. ಐಫೋನ್ ಬಂದದ್ದು ಅದಾದ ಮೂರು ವರ್ಷಗಳ ಬಳಿಕ, 2007ರಲ್ಲಿ.

ಹೊಸ ಫೋನುಗಳು ಕನ್ನಡದ ವಿಷಯದಲ್ಲಿ ಮತ್ತೆ ಒಂದನೇ ತರಗತಿಯಿಂದ ಆರಂಭಿಸಿದವು. 'ಸ್ವಾತಂತ್ರ್ಯ' ಎಂಬ ಪದವನ್ನೇ ನೋಡಿ. ಅದರ ಕೊನೆಯ 'ತ್ರ್ಯ' ನಮಗೆ ಒಂದೇ ಅಕ್ಷರ. ಯೂನಿಕೋಡಿನಲ್ಲಿ ಅದು ಐದು ಸಂಕೇತಗಳ ಸಾಲು. ಅವನ್ನು ಜೋಡಿಸಿ ಒತ್ತಕ್ಷರವಾಗಿ ತೋರಿಸುವ ಕೆಲಸ ಕಾರ್ಯಾಚರಣಾ ವ್ಯವಸ್ಥೆಯದು. ಆ ವಿದ್ಯೆ ಗೊತ್ತಿಲ್ಲದ ಫೋನುಗಳಲ್ಲಿ ಕನ್ನಡವೆಂದರೆ ಬರಿಯ ಚೌಕಗಳು! 2012ರ ಆಂಡ್ರಾಯ್ಡ್ 4.1ರಲ್ಲಿ ಕನ್ನಡಕ್ಕೆ ಬೆಂಬಲ ದೊರೆಯಿತು. ಐಫೋನಿಗೆ ಅದರದ್ದೇ ಕನ್ನಡ ಕೀಲಿಮಣೆ ಬಂದದ್ದು 2017ರಲ್ಲಿ. 1991ರ ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನವಿದ್ದರೂ ಇಷ್ಟು ವರ್ಷ ಬೇಕಾಯಿತು.

ಈಗ ನಮ್ಮದೇ ದೇಶದ ವ್ಯವಸ್ಥೆಗಳ ಮಾತು ಕೇಳಿಬರುತ್ತಿದೆ. 2023ರ ಜನವರಿಯಲ್ಲಿ ಮದ್ರಾಸ್ ಐಐಟಿಯ ಆಶ್ರಯದಲ್ಲಿ ಬೆಳೆದ ಸಂಸ್ಥೆಯೊಂದರ 'ಭಾರ್‌ಓಎಸ್' ಪ್ರಕಟವಾಯಿತು. ಸುರಕ್ಷತೆ, ಖಾಸಗಿತನಗಳಿಗೆ ಅದರಲ್ಲಿ ಒತ್ತು ನೀಡಲಾಗಿತ್ತು. ಅದು ಸರಿಯೇ. ಆದರೆ ಹೊಸದಾಗಿ ಕಟ್ಟುವವರು ಯಾರೇ ಆಗಲಿ, ಸಿಂಪ್ಯೂಟರ್ ಹಾಕಿಕೊಟ್ಟ ಪಾಠವನ್ನು ಮೊದಲು ಓದಬೇಕೆಂಬುದು ನನ್ನ ವಿನಂತಿ.

ಇಂಗ್ಲಿಷ್ ಬರಹವನ್ನು ಅನುವಾದಿಸಿ ಕನ್ನಡದಲ್ಲಿ ಓದಿ ಹೇಳುವ ಶಕ್ತಿ ಇಂದಿನ ಫೋನುಗಳಿಗೆ ಇದ್ದೇ ಇದೆ. ಆದರೆ ಅದು ಅಡಗಿರುವುದು ಎಲ್ಲೋ ಒಳಗೆ. ಓದಲು ಬಾರದವರಿಗಾಗಿ ಇರುವ ಗುಂಡಿಯನ್ನು ಹುಡುಕಲು ಓದಲು ಬರಬೇಕು! ಸಂದೇಶದ ಪಕ್ಕದಲ್ಲೇ ಕಿವಿಯ ಚಿತ್ರವಿರುವ ಒಂದು ಗುಂಡಿ ಇರಲಿ. ಫೋನನ್ನು ಮೊದಲ ಸಲ ಹಚ್ಚಿದಾಗ 'ಯಾವ ಭಾಷೆ?' ಎಂದು ಅದು ಬಾಯಿಬಿಟ್ಟು ಕೇಳಲಿ. ನಮ್ಮಲ್ಲಿ ಮಳೆಗಾಲದಲ್ಲಿ ಸಿಗ್ನಲ್ ಹೋದರೆ ಯಾವಾಗ ಬರುವುದೋ ಹೇಳಲಾಗದು. ಆದ್ದರಿಂದ ಈ ಓದುವಿಕೆ ನೆಟ್‌ವರ್ಕ್ ಇಲ್ಲದೆಯೂ ನಡೆಯಲಿ. ಪರದೆಯ ಮೇಲಿನ ಕನ್ನಡ ನಿಘಂಟಿನಿಂದ ಇಳಿದು ಬಂದಂತಿರದೆ, ಸಂತೆಯಲ್ಲಿ ನಡೆಯುವ ಕನ್ನಡವಾಗಿರಲಿ.

ಆ ತಾಯಿಯ ಪಿಂಚಣಿ ಎರಡು ತಿಂಗಳು ನಿಂತು, ಓಡಾಡಿದ ಮೇಲೆ ಮತ್ತೆ ಆರಂಭವಾಯಿತು. ಅವರ ಫೋನಿನಲ್ಲಿ ಆ ಓದುವ ಸೌಲಭ್ಯವನ್ನು ಹುಡುಕಿ ತೆಗೆಯಲು, ಮೂರು ದಶಕ ಪಾಠ ಹೇಳಿದ ನನಗೇ ಅರ್ಧ ಗಂಟೆ ಹಿಡಿಯಿತು. ಯಂತ್ರ ಕನ್ನಡದಲ್ಲಿ ಮಾತನಾಡಿದಾಗ ಅವರು ಬೆಚ್ಚಿ, ಆಮೇಲೆ ನಕ್ಕು, "ಇದು ಮುಂಚೇನೇ ಇತ್ತಾ ಮೇಷ್ಟ್ರೇ?" ಎಂದು ಕೇಳಿದರು. ಇತ್ತು ಎನ್ನಲು ನನಗೆ ನಾಚಿಕೆಯಾಯಿತು.