ರಜೆಗೆ ಊರಿಗೆ ಹೋದ ವಿದ್ಯಾರ್ಥಿಗಳು

ಅರ್ಥಶಾಸ್ತ್ರವೆಂದರೆ ದಪ್ಪ ಪುಸ್ತಕಗಳ ವಿದ್ಯೆ ಎಂಬ ಭಾವನೆ ನಮ್ಮಲ್ಲಿ ಅನೇಕರಿಗಿದೆ. 1915ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಭಾರತೀಯ ಅರ್ಥಶಾಸ್ತ್ರದ ಮೊದಲ ಪ್ರಾಧ್ಯಾಪಕರಾಗಿ ಬಂದ ಗಿಲ್ಬರ್ಟ್ ಸ್ಲೇಟರ್ ಹಾಗೆ ಭಾವಿಸಲಿಲ್ಲ. ಅದಕ್ಕೆ ಮೊದಲು ಅವರು ಆಕ್ಸ್‌ಫರ್ಡಿನಲ್ಲಿ ಕಾರ್ಮಿಕರಿಗಾಗಿ ನಡೆಯುತ್ತಿದ್ದ ರಸ್ಕಿನ್ ಕಾಲೇಜಿನ ಪ್ರಾಂಶುಪಾಲರು. ಇಂಗ್ಲೆಂಡಿನ ಬಡ ರೈತರು ಊರೊಟ್ಟಿನ ಹೊಲಗಳನ್ನು ಕಳೆದುಕೊಂಡ ಚರಿತ್ರೆಯನ್ನು ಬರೆದವರು. ಮದ್ರಾಸಿಗೆ ಬಂದ ಮೇಲೆ ಅವರು ಒಂದು ಪ್ರಶ್ನಾವಳಿಯನ್ನು ಸಿದ್ಧಪಡಿಸಿ, ರಜೆಗೆ ಹೊರಟ ವಿದ್ಯಾರ್ಥಿಗಳ ಕೈಗಿತ್ತರು. ಭೂಮಿ ಯಾರದು, ಬೆಳೆ ಎಷ್ಟು, ಕೂಲಿಯೆಷ್ಟು, ಸಾಲವೆಷ್ಟು, ಮನೆ ಹೇಗಿದೆ ಎಂಬುದನ್ನು ತಮ್ಮ ತಮ್ಮ ಹಳ್ಳಿಗಳಲ್ಲಿಯೇ ವಿಚಾರಿಸಿ ಬರೆದು ತರಬೇಕಾಗಿತ್ತು.

ಕೆಲಸ ಸುಲಭದ್ದಲ್ಲ. ಮನೆಮನೆಗೆ ಹೋಗಿ ಲೆಕ್ಕ ಬರೆದವರಿಗೆ ಗೊತ್ತು: ಹೆಸರು, ವಯಸ್ಸು ಕೇಳಬಹುದು, ಸಾಲವನ್ನು ಕೇಳುವಾಗ ನಾಲಿಗೆ ತಡವರಿಸುತ್ತದೆ. ಅಂದು ಕಾಲೇಜು ಸೇರುತ್ತಿದ್ದವರಲ್ಲಿ ಭೂಮಾಲೀಕರ ಮಕ್ಕಳೂ ಇದ್ದರು. ತನ್ನ ತಂದೆಯ ಗದ್ದೆಯಲ್ಲಿ ದುಡಿಯುವವನ ಗುಡಿಸಲ ಮುಂದೆ ನಿಂತು, ನಿನಗೆ ದಿನಕ್ಕೆ ಎಷ್ಟು ಭತ್ತ ಸಿಗುತ್ತದೆ ಎಂದು ಕೇಳುವ ಯುವಕನನ್ನು ಊಹಿಸಿಕೊಳ್ಳಿ. ಉತ್ತರ ಕೊಡುವವನಿಗೂ ಸಂಕೋಚ, ಬರೆದುಕೊಳ್ಳುವವನಿಗೂ ಸಂಕೋಚ. ಆ ಬರಹಗಳಲ್ಲಿ ಮಾಲೀಕರ ದೃಷ್ಟಿ ಸ್ವಲ್ಪವಾದರೂ ಬೆರೆತಿರಲೇಬೇಕೆಂದು ನನಗನಿಸುತ್ತದೆ.

ಈ ವರದಿಗಳು 1918ರಲ್ಲಿ ದಕ್ಷಿಣ ಭಾರತದ ಕೆಲವು ಹಳ್ಳಿಗಳನ್ನು ಕುರಿತ ಗ್ರಂಥವಾಗಿ ಪ್ರಕಟಗೊಂಡವು. ಇರುವೇಲಪಟ್ಟು, ದೂಸಿ, ಪಾಲಕ್ಕುರಿಚ್ಚಿ, ಗಂಗೈಕೊಂಡಾನ್, ವಡಮಲೈಪುರಂ ಮುಂತಾದ ಊರುಗಳ ಬದುಕು ಅದರಲ್ಲಿದೆ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಧಾನ್ಯದ ಬೆಲೆ ಏರಿ, ಮದ್ರಾಸ್ ನಗರದಲ್ಲಿ ಜನರು ಅಂಗಡಿಗಳನ್ನು ಲೂಟಿ ಮಾಡಿದರು. ಕೂಲಿಯನ್ನು ಧಾನ್ಯವಾಗಿ ಪಡೆಯುವವನಿಗೂ ಹಣವಾಗಿ ಪಡೆಯುವವನಿಗೂ ಇರುವ ವ್ಯತ್ಯಾಸ ಬೆಲೆ ಏರಿದ ಇಂತಹ ದಿನಗಳಲ್ಲಿ ಹೊಟ್ಟೆಗೇ ತಿಳಿಯುತ್ತದೆ.

ಅನ್ನದಷ್ಟೇ ಗಂಭೀರವಾದದ್ದು ಸೂರಿನ ಪ್ರಶ್ನೆ. ತಂಜಾವೂರಿನ ಬಯಲಿನಲ್ಲಿ ಎಷ್ಟೋ ದಲಿತ ಕೂಲಿಗಳ ಗುಡಿಸಲು ನಿಂತಿದ್ದ ನೆಲ ಮಿರಾಸುದಾರರದು. ಹೆಚ್ಚು ಕೂಲಿ ಕೇಳಿದವನನ್ನು ಮನೆಯಿಂದಲೇ ಎಬ್ಬಿಸಬಹುದಾಗಿತ್ತು. 1920ರಲ್ಲಿ ಆರಂಭವಾದ ಮದ್ರಾಸ್ ಸರ್ಕಾರದ ಕಾರ್ಮಿಕ ಇಲಾಖೆಯು ಇಂತಹವರಿಗಾಗಿ ನಿವೇಶನಗಳನ್ನು ಸ್ವಾಧೀನಪಡಿಸಿಕೊಂಡು, ಬೆಲೆಯನ್ನು ಕಂತುಗಳಲ್ಲಿ ತೀರಿಸುವ ಏರ್ಪಾಡು ಮಾಡಿತು. ಇದು ವಿದ್ಯಾರ್ಥಿಗಳ ವರದಿಯ ಫಲವೆಂದು ನಾನು ಹೇಳುವುದಿಲ್ಲ. ನಿವೇಶನಕ್ಕಾಗಿ ಹೋರಾಟ ಅದಕ್ಕಿಂತ ಹಳೆಯದು. ಆಗ ಅದೇ ಪ್ರಾಂತ್ಯಕ್ಕೆ ಸೇರಿದ್ದ ನಮ್ಮ ದಕ್ಷಿಣ ಕನ್ನಡದಲ್ಲಿಯೂ ಧಣಿಯ ಜಾಗದಲ್ಲಿ ಮನೆ ಕಟ್ಟಿಕೊಂಡು ಬಾಳಿದ ಒಕ್ಕಲುಗಳ ನೆನಪು ಹಿರಿಯರಿಗಿದೆ. 1974ರಲ್ಲಿ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯ ಬಳಿಕವೇ ಅವರಲ್ಲಿ ಅನೇಕರು ನಿಟ್ಟುಸಿರು ಬಿಟ್ಟದ್ದು.

ಸ್ಲೇಟರ್ ಹಿಂದಿರುಗಿದರೂ ಆ ಹಳ್ಳಿಗಳನ್ನು ಯಾರೂ ಮರೆಯಲಿಲ್ಲ. ಕೇರಳದ ಸಿರಿಯನ್ ಕ್ರೈಸ್ತರಾದ ಪ್ರಾಧ್ಯಾಪಕ ಪಿ. ಜೆ. ಥಾಮಸ್ ಅವರು ಕೆ. ಸಿ. ರಾಮಕೃಷ್ಣನ್ ಅವರೊಂದಿಗೆ 1936-37ರಲ್ಲಿ ಮರುಸಮೀಕ್ಷೆ ನಡೆಸಿದರು. ಅದು 1940ರಲ್ಲಿ ಪ್ರಕಟವಾಯಿತು. 1961ರಲ್ಲಿ ಮಾರ್ಗರೆಟ್ ಹ್ಯಾಸ್ವೆಲ್, 1980ರ ದಶಕದಲ್ಲಿ ಮದ್ರಾಸಿನ ಸಂಶೋಧಕರು ಮತ್ತೆ ಹೋದರು. 2008ರಲ್ಲಿ ಇರುವೇಲಪಟ್ಟಿಗೆ ಹೋದವರಿಗೆ, 1916ರಲ್ಲಿ ಸಾಲದಿಂದ ಧಣಿಗೆ ಕಟ್ಟುಬಿದ್ದಿದ್ದ ಪಡಿಯಾಳುಗಳ ಊರು ಬಹಳ ಬದಲಾಗಿ ಕಂಡಿತು. ಹೊಲದಾಚೆಯ ದುಡಿಮೆ ಬೆಳೆದಿತ್ತು, ಪಡಿತರದ ಅಕ್ಕಿ ಮನೆ ತಲುಪುತ್ತಿತ್ತು, ದೊಡ್ಡಮನೆಯ ಮಾತು ಹಿಂದಿನಂತೆ ನಡೆಯುತ್ತಿರಲಿಲ್ಲ. ಎಷ್ಟು ಬದಲಾಗಿದೆಯೆಂದು ಅಳೆಯಲು ಅವರ ಕೈಯಲ್ಲಿದ್ದದ್ದು, ತೊಂಬತ್ತೆರಡು ವರ್ಷಗಳ ಹಿಂದೆ ರಜೆಗೆ ಊರಿಗೆ ಬಂದಿದ್ದ ಒಬ್ಬ ವಿದ್ಯಾರ್ಥಿ ಬರೆದಿಟ್ಟ ಲೆಕ್ಕ.