ಮೂರು ಬಾಲಿನ ಡಬ್ಬಿ: ಹೊಟ್ಟೆ ಆಪರೇಷನ್ ಆದ್ಮೇಲೆ ಉಸಿರಿನ ಕಥೆ

ಇವತ್ತಿನ ಇತಿಹಾಸದ ಕಥೆ ಉಸಿರಿನದ್ದು.

ಕೊಡಂಬಲದಂಥ ಊರಲ್ಲಿ ಯಾರಿಗಾದ್ರೂ ಹೊಟ್ಟೆ ಆಪರೇಷನ್ ಆದ್ರೆ, ಎಷ್ಟೋ ಸಲ ದವಾಖಾನೆಯಿಂದ ಮೂರು ಬಣ್ಣದ ಬಾಲ್ ಇರೋ ಪ್ಲಾಸ್ಟಿಕ್ ಡಬ್ಬಿಯೊಂದು ಜೊತೆಗೆ ಬರುತ್ತೆ. ಎರಡೇ ದಿನಕ್ಕೆ ಅದು ಮಕ್ಕಳ ಆಟದ ಸಾಮಾನು. "ಜೋರಾಗಿ ಉಸಿರು ತಗೊಂಡ್ರ ಹೊಲಿಗಿ ಬಿಚ್ಚತಾವ" ಅಂತ ಹಿರಿಯರ ಹೆದರಿಕೆ. ಆದ್ರೆ ಆ ಡಬ್ಬಿಯ ಹಿಂದೆ ನೂರು ವರ್ಷಕ್ಕೂ ಹೆಚ್ಚಿನ ಕಥೆ ಇದೆ. ಅದರ ಒಂದು ಎಳೆ ನಮ್ಮ ಕಡೆಯದ್ದೇ.

ಆಗ ಹುಮನಾಬಾದ್, ಇಂದಿನ ಬಸವಕಲ್ಯಾಣ ಎಲ್ಲವೂ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ವು. ಕ್ಲೋರೋಫಾರ್ಮ್ ಕೊಟ್ಟಾಗ ರೋಗಿ ಸಾಯೋದು ಹೃದಯ ನಿಂತೋ, ಉಸಿರು ನಿಂತೋ? ಇದನ್ನ ತಿಳಿಯೋಕೆ ಸರ್ಜನ್ ಎಡ್ವರ್ಡ್ ಲಾರಿ ಹೈದರಾಬಾದ್‌ನಲ್ಲಿ 1888 ಮತ್ತು 1889ರಲ್ಲಿ ಎರಡು ಆಯೋಗ ನಡೆಸಿದ್ರು. ಎರಡನೆಯದಕ್ಕೆ ನಿಜಾಮರೇ ದುಡ್ಡು ಕೊಟ್ರು. ತೀರ್ಮಾನ: ಮೊದಲು ನಿಲ್ಲೋದು ಉಸಿರು, ಕಣ್ಣು ಅದರ ಮೇಲಿರಲಿ. ಹೃದಯವೂ ತಟ್ಟನೆ ನಿಲ್ಲಬಹುದು ಅಂತ ಆಮೇಲೆ ಗೊತ್ತಾಯ್ತು. ಆದ್ರೂ ಉಸಿರು ಕಾಯಬೇಕು ಅನ್ನೋ ಪಾಠ ಉಳೀತು.

ಅದು ಆಪರೇಷನ್ ಟೇಬಲ್ ಮೇಲಿನ ಮಾತಾಯ್ತು. ರೋಗಿಗೆ ಎಚ್ಚರ ಆದ್ಮೇಲೆ? 1910ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಪಾಶ್ಚರ್, ಹೊಟ್ಟೆ ಆಪರೇಷನ್ ಆದವರ ಶ್ವಾಸಕೋಶದ ಒಂದು ಭಾಗ ಕುಸಿಯೋದರ ಬಗ್ಗೆ ಬರೆದ್ರು. ಎದೆ ಮತ್ತು ಹೊಟ್ಟೆ ನಡುವಿನ ಸ್ನಾಯು, ಅಂದ್ರೆ ವಪೆ, ಸರಿಯಾಗಿ ಕೆಲಸ ಮಾಡದೇ ಇರೋದೇ ಇದಕ್ಕೆ ಕಾರಣ ಅಂದ್ರು. ನೋವಿಗೆ ಹೆದರಿ ಮೇಲಿಂದ ಮೇಲೆ ಉಸಿರಾಡಿದ್ರೆ ಶ್ವಾಸಕೋಶದ ಕೆಳಭಾಗಕ್ಕೆ ಗಾಳಿ ಹೋಗಲ್ಲ. ಕಫ ನಿಲ್ಲುತ್ತೆ, ನ್ಯುಮೋನಿಯಾ ಬರಬಹುದು.

1970ರ ದಶಕದಲ್ಲಿ ಅಮೆರಿಕದ ಸರ್ಜನ್ ರಾಬರ್ಟ್ ಬಾರ್ಟ್ಲೆಟ್, ಎಷ್ಟು ಆಳವಾಗಿ ಉಸಿರು ಎಳೆದ್ರು ಅಂತ ರೋಗಿಯ ಕಣ್ಣಿಗೇ ತೋರಿಸೋ ಸಾಧನ ತಂದ್ರು. ನಮ್ಮ ಮೂರು ಬಾಲಿನ ಡಬ್ಬಿ ಅದೇ ವಂಶದ್ದು. 1976ರಲ್ಲಿ ಲೀತ್ ಮತ್ತು ಬ್ರಾಡ್ಲಿ, ಉಸಿರಿನ ಸ್ನಾಯುಗಳಿಗೂ ತೋಳಿನ ಹಾಗೇ ವ್ಯಾಯಾಮದಿಂದ ಬಲ ಬರುತ್ತೆ ಅಂತ ತೋರಿಸಿದ್ರು.

2018ರಲ್ಲಿ ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನ 441 ರೋಗಿಗಳ ಅಧ್ಯಯನ ಪ್ರಕಟವಾಯ್ತು. ಆಪರೇಷನ್‌ಗೆ ಮುಂಚೆ ಫಿಸಿಯೋಥೆರಪಿಸ್ಟ್ ಹತ್ರ 30 ನಿಮಿಷ ಕೂತು ಉಸಿರಿನ ಅಭ್ಯಾಸ ಕಲಿತವರಲ್ಲಿ ನೂರಕ್ಕೆ 12 ಜನರಿಗೆ ಶ್ವಾಸಕೋಶದ ತೊಂದರೆ ಆಯ್ತು. ಬರೀ ಪುಸ್ತಿಕೆ ಸಿಕ್ಕವರಲ್ಲಿ 27 ಜನರಿಗೆ. ಅರ್ಧ ಗಂಟೆಯ ಪಾಠಕ್ಕೆ ಇಷ್ಟು ವ್ಯತ್ಯಾಸ!

ಹಾಗಾಗಿ ಮನೇಲಿ ಯಾರಿಗಾದ್ರೂ ಆಪರೇಷನ್ ಇದ್ರೆ, ಉಸಿರಿನ ಅಭ್ಯಾಸದ ಬಗ್ಗೆ ಮೊದಲೇ ಡಾಕ್ಟರನ್ನ ಕೇಳಿ. ಕೆಮ್ಮುವಾಗ ಹೊಲಿಗೆ ಮೇಲೆ ದಿಂಬು ಒತ್ತಿ ಹಿಡೀರಿ. ಇನ್ನೊಂದು ಮಾತು: ಆ ಡಬ್ಬಿ ಇರೋದು ಊದೋಕಲ್ಲ, ನಿಧಾನವಾಗಿ ಉಸಿರು ಒಳಗೆ ಎಳೆಯೋಕೆ. ಮಕ್ಕಳ ಕೈಯಿಂದ ಇಸ್ಕೊಂಡು ಅಜ್ಜಿಯ ಹಾಸಿಗೆ ಪಕ್ಕ ಇಡಿ.